ಬಭ್ರುವಾಹನನ ಬಾಣ, ಮಲೆನಾಡಿನ ಬೂಷ್ಟು

1977ರಲ್ಲಿ ತೆರೆಗೆ ಬಂದ ‘ಬಭ್ರುವಾಹನ’ ಚಿತ್ರದಲ್ಲಿ ಅಪ್ಪ–ಮಗ ಎದುರುಬದುರು ನಿಂತು ಮೊದಲು ಮಾತಿನಲ್ಲಿ, ಆಮೇಲೆ ಹಾಡಿನಲ್ಲಿ, ಕೊನೆಗೆ ಬಾಣಗಳಲ್ಲಿ ಕಾದಾಡುತ್ತಾರೆ. ಅರ್ಜುನನೂ ರಾಜಕುಮಾರ್, ಬಭ್ರುವಾಹನನೂ ರಾಜಕುಮಾರ್. ನಿರ್ದೇಶನ ಹುಣಸೂರು ಕೃಷ್ಣಮೂರ್ತಿಯವರದು, ಸಂಗೀತ ಟಿ.ಜಿ. ಲಿಂಗಪ್ಪನವರದು. ಆ ಹಾಡಿನ ಕಾಳಗಕ್ಕೆ ಪಿ.ಬಿ. ಶ್ರೀನಿವಾಸ್ ಮತ್ತು ಸ್ವತಃ ರಾಜಕುಮಾರ್ ದನಿ ಕೊಟ್ಟರು. ನಾಗಲೋಕ, ಮಾಯಾಸ್ತ್ರಗಳು, ಕಡಿದುಬಿದ್ದ ತಲೆ, ಸತ್ತವನನ್ನು ಎಬ್ಬಿಸುವ ಮಣಿ: ಕನ್ನಡದ ಅದ್ಭುತರಮ್ಯ ಸಾಹಸಚಿತ್ರಗಳ ಸಾಲಿನಲ್ಲಿ ಇದಕ್ಕೆ ಎತ್ತರದ ಜಾಗವಿದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನಕ್ಕೆ ಈ ಕಥೆಯನ್ನು ಸಿನಿಮಾ ಹೇಳಿಕೊಡಬೇಕಾಗಿರಲಿಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಿಂದ ಅದು ಮನೆಯ ಓದಿಗೆ ಬಂದಿತ್ತು. ‘ಬಭ್ರುವಾಹನ ಕಾಳಗ’ವೆಂಬ ಪ್ರಸಂಗವಾಗಿ ಯಕ್ಷಗಾನದ ಆಟಕ್ಕೂ ತಾಳಮದ್ದಳೆಗೂ ಇಳಿದಿತ್ತು. ಮಗ ಅಪ್ಪನ ತಲೆ ತೆಗೆಯುತ್ತಾನೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಸಿನಿಮಾ ಕೊಟ್ಟಿದ್ದು ರಂಗಸ್ಥಳ ಕೊಡಲಾರದ್ದನ್ನು: ಒಂದೇ ಮುಖದ ಇಬ್ಬರು ಒಂದೇ ಚೌಕಟ್ಟಿನಲ್ಲಿ, ಆಕಾಶದಲ್ಲಿ ಬಾಣಕ್ಕೆ ಬಾಣ ಡಿಕ್ಕಿ ಹೊಡೆದು ಸಿಡಿಯುವ ಬೆಂಕಿ.

ಆದರೆ ಇವತ್ತು ಈ ಚಿತ್ರವನ್ನು ಬಲ್ಲವರಲ್ಲಿ ಹೆಚ್ಚಿನವರು ಅದನ್ನು ನೋಡಿದ್ದು ಚಿತ್ರಮಂದಿರದಲ್ಲಲ್ಲ. ರಾತ್ರಿಯ ಮಟ್ಟಿಗೆ ಬಾಡಿಗೆಗೆ ತಂದ ವಿಸಿಆರ್‌ನಲ್ಲಿ, ಆಮೇಲೆ ವಿಸಿಡಿಯಲ್ಲಿ, ಟಿವಿಯಲ್ಲಿ, ಈಗ ಮೊಬೈಲಿನಲ್ಲಿ. ಮಸುಕು ಬಣ್ಣ, ಚೌಕುಳಿ ಚೌಕುಳಿಯಾಗಿ ಒಡೆಯುವ ಬೆಂಕಿ, ನಡುನಡುವೆ ನಿಂತುಹೋಗುವ ಚಿತ್ರ. ‘ಹಳೇ ಸಿನಿಮಾ ಅಂದರೆ ಹೀಗೇ’ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಅದು ಹಾಗಲ್ಲ. ಆ ಮಸುಕು ಸಿನಿಮಾದ್ದಲ್ಲ, ಅದನ್ನು ಹೊತ್ತು ತಂದ ವಸ್ತುವಿನದು. ಬಿಲ್ಲಿನಿಂದ ಹೊರಟ ಒಂದು ಬಾಣ ನಮ್ಮ ಜಗಲಿಯ ಪರದೆಗೆ ತಲುಪುವಷ್ಟರಲ್ಲಿ ಏನನ್ನು ಎಲ್ಲಿ ಕಳೆದುಕೊಂಡಿತು ಎಂದು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕಬಹುದು. ಹಾಗೆ ಹಾಕಿದರೆ ಯಾವುದನ್ನು ಇನ್ನೂ ಉಳಿಸಬಹುದು ಎಂಬುದೂ ತಿಳಿಯುತ್ತದೆ.

ನೆಗೆಟಿವ್ ಹಿಡಿದದ್ದು

ಕ್ಯಾಮೆರಾದೊಳಗೆ ಓಡುವ ಫಿಲಂ 35 ಮಿಲಿಮೀಟರ್ ಅಗಲ. ಎರಡೂ ಅಂಚಿನ ತೂತು, ಧ್ವನಿಪಥ ಎಲ್ಲ ಬಿಟ್ಟರೆ ಚಿತ್ರಕ್ಕೆ ಸಿಗುವ ಜಾಗ ಸುಮಾರು 22 ಮಿ.ಮೀ. ಅಗಲ, 16 ಮಿ.ಮೀ. ಎತ್ತರ. ಸೆಕೆಂಡಿಗೆ 24 ಚೌಕಟ್ಟು, ಒಂದೊಂದಕ್ಕೆ 19 ಮಿ.ಮೀ. ಉದ್ದ. ಎರಡೂವರೆ ಗಂಟೆಯ ಚಿತ್ರವೆಂದರೆ 2,16,000 ಚೌಕಟ್ಟು, ನಾಲ್ಕು ಕಿಲೋಮೀಟರಿಗೂ ಉದ್ದದ ಪಟ್ಟಿ.

ಬಣ್ಣದ ಫಿಲಂನಲ್ಲಿ ಬೆಳಕಿನ ನೀಲಿ, ಹಸಿರು, ಕೆಂಪು ಭಾಗಗಳನ್ನು ಬೇರೆಬೇರೆಯಾಗಿ ಹಿಡಿಯುವ ಪದರಗಳಿವೆ. ಬೆಳಕು ಬಿದ್ದಲ್ಲಿ ಬೆಳ್ಳಿಯ ಲವಣದ ಹರಳುಗಳು ಬದಲಾಗುತ್ತವೆ. ಸಂಸ್ಕರಣೆಯಲ್ಲಿ ಆ ಹರಳುಗಳ ಸುತ್ತ ಹಳದಿ, ಕೆನ್ನೇರಿಳೆ, ನೀಲಿಹಸಿರು ವರ್ಣದ್ರವ್ಯ ಹುಟ್ಟುತ್ತದೆ. ಬೆಳ್ಳಿಯನ್ನು ತೊಳೆದು ತೆಗೆದ ಮೇಲೆ ಬಣ್ಣದ ಸೂಕ್ಷ್ಮ ಮೋಡಗಳು ಮಾತ್ರ ಉಳಿಯುತ್ತವೆ. ಇಲ್ಲಿ ಪಿಕ್ಸೆಲ್ ಎಂಬುದಿಲ್ಲ, ಗೆರೆ ಎಳೆದ ಚೌಕಗಳಿಲ್ಲ. ಕಿರೀಟದ ಒಂದೊಂದು ಕಲ್ಲೂ ತನ್ನ ಹೊಳಪಿಗೆ ತಕ್ಕಷ್ಟು ಹರಳುಗಳನ್ನು ಎಬ್ಬಿಸುತ್ತದೆ. ಚೆನ್ನಾಗಿ ತೆಗೆದ, ಚೆನ್ನಾಗಿ ಕಾಪಿಟ್ಟ ಮೂಲ ನೆಗೆಟಿವ್‌ನಲ್ಲಿ ಇಂದಿನ 4ಕೆ ಸ್ಕ್ಯಾನರ್‌ಗೆ ಕೆಲಸ ಕೊಡುವಷ್ಟು ವಿವರ ಇರುತ್ತದೆ.

ದ್ವಿಪಾತ್ರದ ಚೌಕಟ್ಟಿಗೆ ಆ ಕಾಲದಲ್ಲಿದ್ದ ಒಂದು ದಾರಿ ಎಂದರೆ ಮಸೂರದ ಅರ್ಧವನ್ನು ಮುಚ್ಚಿ ಒಂದು ಪಾತ್ರವನ್ನು ಚಿತ್ರಿಸುವುದು, ಫಿಲಂ ಹಿಂದಕ್ಕೆ ಸುತ್ತುವುದು, ಇನ್ನರ್ಧವನ್ನು ಮುಚ್ಚಿ ಅದೇ ಫಿಲಂ ಮೇಲೆ ಮತ್ತೊಂದು ಪಾತ್ರವನ್ನು ಚಿತ್ರಿಸುವುದು. ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು, ಬೆಳಕು ಬದಲಾಗಬಾರದು, ನಟ ಕಾಣದ ಗೆರೆ ದಾಟಬಾರದು. ಇನ್ನೊಂದು ದಾರಿ ಆಪ್ಟಿಕಲ್ ಪ್ರಿಂಟರ್: ಎರಡು ಫಿಲಂಗಳನ್ನು ಮೂರನೆಯದರ ಮೇಲೆ ಮರುಚಿತ್ರೀಕರಿಸುವುದು. ಹಾರುವ ಬಾಣ, ಅಸ್ತ್ರದಿಂದ ಹೊಮ್ಮುವ ಜ್ವಾಲೆ ಇಂಥ ಬೆಸುಗೆಯ ಫಲ. ಪ್ರತಿ ಮರುಚಿತ್ರೀಕರಣದಲ್ಲೂ ಹರಳು ದಪ್ಪವಾಗುತ್ತದೆ, ನೆರಳು ಕಪ್ಪಾಗುತ್ತದೆ. ಅದಕ್ಕೇ ಹಳೆಯ ಪೌರಾಣಿಕ ಚಿತ್ರಗಳಲ್ಲಿ ಮಾಯಾದೃಶ್ಯ ಶುರುವಾಗುವ ಹೊತ್ತಿಗೆ ಚಿತ್ರ ತುಸು ಒರಟಾಗುವುದು. ಆ ಒರಟುತನ ಹಾನಿಯಲ್ಲ, ಕೈಕೆಲಸದ ಗುರುತು.

ನೆಗೆಟಿವ್‌ನಿಂದ ಪ್ರಿಂಟ್. ನಮ್ಮಲ್ಲಿ ಹಲವು ಬಾರಿ ಮೂಲ ನೆಗೆಟಿವ್‌ನಿಂದಲೇ ನೇರವಾಗಿ ಪ್ರಿಂಟ್ ತೆಗೆಯುತ್ತಿದ್ದರು. ಚಿತ್ರ ಎಷ್ಟು ಗೆದ್ದರೆ ನೆಗೆಟಿವ್ ಅಷ್ಟು ಸವೆಯುತ್ತಿತ್ತು. ದೊಡ್ಡ ಊರುಗಳಲ್ಲಿ ಓಡಿ ಗೀರುಬಿದ್ದ ಪ್ರಿಂಟುಗಳು ಸಣ್ಣ ಪೇಟೆಗೆ ತಡವಾಗಿ ಬರುತ್ತಿದ್ದವು. ಅಂದಿನ ಪ್ರಿಂಟುಗಳಲ್ಲಿ ನೀಲಿಹಸಿರು ವರ್ಣದ್ರವ್ಯ ಎಲ್ಲಕ್ಕಿಂತ ಬೇಗ ಮಾಸುತ್ತಿತ್ತು. ಅದು ಹೋದರೆ ಉಳಿಯುವುದು ಕೆಂಪುಛಾಯೆ. ಟಿವಿಯಲ್ಲಿ ಕೆಲವು ಹಳೆಯ ಚಿತ್ರಗಳು ಇಡೀ ಗುಲಾಬಿ ಬಣ್ಣಕ್ಕೆ ತಿರುಗಿದಂತೆ ಕಾಣುವುದಕ್ಕೆ ಇದೇ ಕಾರಣ: ಯಾರೋ ಮಾಸಿದ ಪ್ರಿಂಟಿನಿಂದ ವಿಡಿಯೊ ಮಾಡಿದ್ದಾರೆ.

ಟೇಪು ಉಳಿಸಿದ್ದು

ವಿಎಚ್‌ಎಸ್ ಕ್ಯಾಸೆಟ್ಟನ್ನು ಜಪಾನಿನ ಜೆವಿಸಿ ಕಂಪನಿ ಮಾರುಕಟ್ಟೆಗೆ ತಂದದ್ದು 1976ರಲ್ಲಿ, ‘ಬಭ್ರುವಾಹನ’ನ ಹಿಂದಿನ ವರ್ಷ. ಅದರೊಳಗಿನ ಪಟ್ಟಿ 12.7 ಮಿ.ಮೀ. ಅಗಲದ ಪಾಲಿಯೆಸ್ಟರ್, ಮೇಲೆ ಅಂಟಿನಲ್ಲಿ ಕಲಸಿದ ಕಾಂತೀಯ ಕಬ್ಬಿಣದ ಆಕ್ಸೈಡಿನ ಲೇಪ. ಟೇಪು ಮುಂದಕ್ಕೆ ಹರಿಯುವುದು ಸೆಕೆಂಡಿಗೆ 23.4 ಮಿ.ಮೀ. ಮಾತ್ರ. ಇಷ್ಟು ನಿಧಾನದಲ್ಲಿ ಚಿತ್ರ ಬರೆಯಲಾಗದು. ಹಾಗಾಗಿ 62 ಮಿ.ಮೀ. ವ್ಯಾಸದ ಡೋಲಿನ ಮೇಲೆ ಸಂಕೇತವನ್ನು ಬರೆಯುವ, ಓದುವ ಹೆಡ್‌ಗಳನ್ನು ಕೂರಿಸಿ ಅದನ್ನು ಸೆಕೆಂಡಿಗೆ 25 ಸುತ್ತು ತಿರುಗಿಸುತ್ತಾರೆ. ಆಗ ಹೆಡ್ಡು ಟೇಪಿನ ಮೇಲೆ ಸೆಕೆಂಡಿಗೆ 4.87 ಮೀಟರ್ ವೇಗದಲ್ಲಿ ಓರೆಯಾಗಿ ಉಜ್ಜುತ್ತ ಹೋಗುತ್ತದೆ. ಒಂದೊಂದು ಓರೆಗೆರೆಯ ಅಗಲ 49 ಮೈಕ್ರೊಮೀಟರ್.

ಇಷ್ಟು ಜಾಣತನ ಮಾಡಿಯೂ ವಿಎಚ್‌ಎಸ್ ಅಡ್ಡಗೆರೆಯೊಂದರಲ್ಲಿ ಬಿಡಿಸಿ ತೋರುವುದು ಸುಮಾರು 240 ವಿವರ. ಬಣ್ಣಕ್ಕಂತೂ ಸಿಗುವುದು ಅದರ ಸಣ್ಣ ಪಾಲು, ಸುಮಾರು 40. ಅರ್ಜುನನ ಉಡುಪಿನ ಕೆಂಪು ಅಂಚು ಮೀರಿ ಪಕ್ಕದ ಗೋಡೆಗೆ ಹರಿಯುವುದು ಇದರಿಂದ. ಬೆಳಕು–ಕತ್ತಲೆ ತಮ್ಮ ಜಾಗದಲ್ಲಿರುತ್ತವೆ, ಬಣ್ಣ ಜಾರಿರುತ್ತದೆ. ಬಾಡಿಗೆ ಅಂಗಡಿಯ ಕ್ಯಾಸೆಟ್ಟು ಹಲವು ಬಾರಿ ಪ್ರತಿಯ ಪ್ರತಿ ಆಗಿರುತ್ತಿತ್ತು. ಪ್ರತಿ ನಕಲಿನಲ್ಲೂ ಗದ್ದಲ ಸೇರುತ್ತ, ವಿವರ ಸೋರುತ್ತ ಹೋಯಿತು.

ಕಿವಿಗೂ ಒಂದು ನಷ್ಟವಿದೆ. ಫಿಲಂ ಸೆಕೆಂಡಿಗೆ 24 ಚೌಕಟ್ಟು; ನಮ್ಮ ಪಾಲ್ ಪದ್ಧತಿಯ ಟಿವಿ ಸೆಕೆಂಡಿಗೆ 25. ಸುಲಭದ ಉಪಾಯವೆಂದು ಸಾಮಾನ್ಯವಾಗಿ ಫಿಲಂ ಅನ್ನೇ 25ರ ವೇಗದಲ್ಲಿ ಓಡಿಸಿ ವಿಡಿಯೊ ಮಾಡುತ್ತಿದ್ದರು. 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ, ದನಿಯ ಶ್ರುತಿ ಸುಮಾರು ಮುಕ್ಕಾಲು ಸ್ವರಸ್ಥಾನದಷ್ಟು ಏರುತ್ತದೆ. ಹಾಗೆ ಮಾಡಿದ ಕ್ಯಾಸೆಟ್ಟಿನಲ್ಲಿ ನಾವು ಕೇಳುವ ರಾಜಕುಮಾರ್ ದನಿ ಅವರ ನಿಜವಾದ ದನಿಗಿಂತ ತೆಳು.

ತಟ್ಟೆ ಬಿಟ್ಟದ್ದು

1993ರಲ್ಲಿ ರೂಪುಗೊಂಡ ವಿಸಿಡಿ ಮಾನದಂಡ ಹಳ್ಳಿಮನೆಗೆ ಸಿನಿಮಾವನ್ನು ನಿಜಕ್ಕೂ ಅಗ್ಗ ಮಾಡಿತು. ಪೇಟೆಯ ಅಂಗಡಿಯಲ್ಲಿ ಎರಡು–ಮೂರು ತಟ್ಟೆಗಳ ಪ್ಯಾಕೆಟ್ಟು, ಇನ್ವರ್ಟರಿಗೆ ಜೋಡಿಸಿದ ಚಿಕ್ಕ ಪ್ಲೇಯರು. ಕರೆಂಟು ಹೋದರೂ ಆಟ ನಿಲ್ಲುತ್ತಿರಲಿಲ್ಲ. ಅದರ ಚೌಕಟ್ಟು 352×288, ಅಂದರೆ 1,01,376 ಪಿಕ್ಸೆಲ್. ಡಿವಿಡಿಯದು 4,14,720. ಪೂರ್ಣ ಎಚ್‌ಡಿಯದು 20,73,600. 4ಕೆ ಟಿವಿಯದು 82,94,400. ಇಂದಿನ ದೊಡ್ಡ ಪರದೆಯಲ್ಲಿ ವಿಸಿಡಿ ಹಾಕಿದರೆ ಅದರ ಒಂದು ಪಿಕ್ಸೆಲ್ಲು ಎಂಬತ್ತಕ್ಕೂ ಹೆಚ್ಚು ಪಿಕ್ಸೆಲ್ಲುಗಳ ಜಾಗ ತುಂಬಬೇಕು.

ಇಷ್ಟು ಚಿಕ್ಕ ಚಿತ್ರವನ್ನು ಇದ್ದ ಹಾಗೇ ಬರೆದರೂ ಸೆಕೆಂಡಿಗೆ ಸುಮಾರು 3 ಕೋಟಿ ಬಿಟ್ ಬೇಕು. ತಟ್ಟೆಯಲ್ಲಿ ಚಿತ್ರಕ್ಕೆ ಸಿಗುವುದು 11.5 ಲಕ್ಷ. ಇಪ್ಪತ್ತಾರು ಪಾಲಿನಲ್ಲಿ ಇಪ್ಪತ್ತೈದನ್ನು ಬಿಡಬೇಕು, ಆದರೂ ಬಿಟ್ಟದ್ದು ಕಣ್ಣಿಗೆ ಕಾಣಬಾರದು. ಈ ಕೆಲಸದ ಹೃದಯದಲ್ಲಿರುವ ಗಣಿತದ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಅದನ್ನು ರೂಪಿಸಿದವರಲ್ಲಿ ಮೊದಲಿಗರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಅವರು ಅದನ್ನು 1974ರ ಜನವರಿಯಲ್ಲಿ ಪ್ರಕಟಿಸಿದರು. ಇವತ್ತಿನ ಜೆಪೆಗ್ ಚಿತ್ರ, ಡಿವಿಡಿ, ಮೊಬೈಲಿನ ವಿಡಿಯೊ ಎಲ್ಲ ಆ ಕೆಲವೇ ಪುಟಗಳ ಋಣದಲ್ಲಿವೆ.

ಉಪಾಯ ಇಷ್ಟು. ಚಿತ್ರವನ್ನು 8×8 ಪಿಕ್ಸೆಲ್ಲಿನ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲಿ ನಿಧಾನವಾಗಿ ಬದಲಾಗುವ ಛಾಯೆ ಎಷ್ಟು, ಥಟ್ಟನೆ ಬದಲಾಗುವ ನವುರು ಎಷ್ಟು ಎಂದು ಬೇರ್ಪಡಿಸುತ್ತಾರೆ. ನವುರನ್ನು ಒರಟಾಗಿ ಅಂದಾಜಿಸುತ್ತಾರೆ ಅಥವಾ ಬಿಟ್ಟೇಬಿಡುತ್ತಾರೆ. ಜೊತೆಗೆ ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಬದಲಾದದ್ದನ್ನು ಮಾತ್ರ ಬರೆಯುತ್ತಾರೆ: ಅಡಿಕೆ ಸೊಸೈಟಿಯ ಪಾಸ್‌ಬುಕ್ಕಿನಲ್ಲಿ ದಿನಾ ಇಡೀ ಆಸ್ತಿಯನ್ನು ಬರೆಯದೆ ಅಂದಿನ ಜಮೆ–ಖರ್ಚನ್ನಷ್ಟೇ ಬರೆಯುವ ಹಾಗೆ. ಆಸ್ಥಾನದಲ್ಲಿ ಕುಳಿತು ಮಾತಾಡುವ ದೃಶ್ಯಕ್ಕೆ ಇದು ಸೊಗಸಾಗಿ ಹೊಂದುತ್ತದೆ. ಬಾಣದ ಮಳೆ ಸುರಿದಾಗ ಪ್ರತಿ ಚೌಕವೂ ಪ್ರತಿ ಚೌಕಟ್ಟಿನಲ್ಲೂ ಬದಲಾಗುತ್ತದೆ. ಕಿಡಿ, ಹೊಗೆ, ಓಡುವ ಸೈನ್ಯ, ಜೊತೆಗೆ ಫಿಲಂನ ಹರಳು. ಬಿಟ್ಟುಗಳು ಸಾಲುವುದಿಲ್ಲ, ಚೌಕಗಳ ಅಂಚು ಬಯಲಾಗುತ್ತದೆ. ಚಿತ್ರತಂಡ ಎಲ್ಲಿ ಅತಿ ಹೆಚ್ಚು ದುಡಿದಿತ್ತೋ ಅಲ್ಲೇ ವಿಸಿಡಿ ಅತಿ ಹೆಚ್ಚು ಸೋಲುತ್ತದೆ.

ಸಿ.ಡಿ. ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಬಲ್ಲದು. ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ 1960ರಲ್ಲಿ ಕೊಟ್ಟ ಸಂಕೇತಗಣಿತದಿಂದ ಎರಡು ಮಿಲಿಮೀಟರಿಗೂ ಮಿಕ್ಕ ಗೀರನ್ನು ಅದು ಕಿವಿಗೆ ತಿಳಿಯದಂತೆ ದಾಟುತ್ತದೆ. ಕಂಪ್ಯೂಟರ್ ಕಡತಗಳಿಗೆ ಇದರ ಮೇಲೆ ಮತ್ತೊಂದು ರಕ್ಷಾಪದರ ಇರುತ್ತದೆ. ಹೆಚ್ಚು ನಿಮಿಷ ಹಿಡಿಸಬೇಕೆಂದು ವಿಸಿಡಿಯ ಚಿತ್ರಭಾಗಕ್ಕೆ ಆ ಹೆಚ್ಚುವರಿ ಪದರವನ್ನು ಕೈಬಿಟ್ಟರು. ತಟ್ಟೆ ಓದಿಸಿಕೊಳ್ಳುವುದು ಒಳಗಿನಿಂದ ಹೊರಕ್ಕೆ. ತುಂಬಿದ ತಟ್ಟೆಯಲ್ಲಿ ಕಥೆಯ ಕೊನೆ ಹೊರ ಅಂಚಿನಲ್ಲಿ, ಕೈಬೆರಳು ಹೆಚ್ಚಾಗಿ ತಾಗುವ ಜಾಗದಲ್ಲಿ. ಸರಿಯಾಗಿ ಅರ್ಜುನನ ತಲೆ ಉರುಳುವ ಹೊತ್ತಿಗೇ ಚಿತ್ರ ನಿಂತುಹೋಗುವುದಕ್ಕೆ ಇಷ್ಟು ನೇರವಾದ ಕಾರಣವಿದೆ.

ಮಳೆ ತಿಂದದ್ದು

ಇಲ್ಲಿಯವರೆಗಿನ ನಷ್ಟ ಎಲ್ಲ ಊರಿಗೂ ಸಮಾನ. ಇನ್ನು ಮುಂದಿನದು ಘಟ್ಟದ ಮೇಲಿನವರ ಪಾಲು.

ಶಿರಸಿಯಲ್ಲಿ ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಜುಲೈ–ಆಗಸ್ಟಿನಲ್ಲಿ ಗಾಳಿಯ ತೇವಾಂಶ ದಿನಗಟ್ಟಲೆ ಶೇಕಡಾ 90ರ ಮೇಲೆಯೇ ನಿಲ್ಲುತ್ತದೆ. ಶಿಲೀಂಧ್ರದ ಬೀಜಕಗಳು ಮೊಳೆಯಲು ಶೇಕಡಾ 65–70 ಸಾಕು. ಚಪ್ಪಲಿ, ಬೆಲ್ಟು, ಮದುವೆ ಆಲ್ಬಂ, ಟ್ರಂಕಿನ ರೇಷ್ಮೆ ಸೀರೆ: ಬೂಷ್ಟು ಯಾವುದನ್ನೂ ಬಿಡುವುದಿಲ್ಲ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಇಣುಕಿದರೆ ಸುತ್ತಿದ ಟೇಪಿನ ಅಂಚಿನ ಮೇಲೆ ಬೆಳ್ಳಗೆ ಕಾಣುವುದು ಅದೇ.

ಅದು ಎಷ್ಟು ಹಾನಿ ಮಾಡುತ್ತದೆಂದು ತಿಳಿಯಲು ಒಂದು ಸರಳ ಸೂತ್ರವಿದೆ. ವ್ಯಾಲೆಸ್ ಎಂಬ ಎಂಜಿನಿಯರ್ 1951ರಲ್ಲಿ ತೋರಿಸಿದ್ದು: ಹೆಡ್ಡಿಗೂ ಟೇಪಿಗೂ ನಡುವೆ ಬರೆದ ತರಂಗದ ಉದ್ದದಷ್ಟೇ ಅಂತರ ಬಂದರೆ ಸಂಕೇತ 55 ಡೆಸಿಬೆಲ್ ಕುಸಿಯುತ್ತದೆ. ವಿಎಚ್‌ಎಸ್‌ನಲ್ಲಿ ಅತಿ ಬಿಳಿಯ ಭಾಗಕ್ಕೆ 48 ಲಕ್ಷ ಹರ್ಟ್ಸ್‌ನ ಸಂಕೇತ. ಸೆಕೆಂಡಿಗೆ 4.87 ಮೀಟರ್ ವೇಗದಲ್ಲಿ ಬರೆದಾಗ ಟೇಪಿನ ಮೇಲೆ ಅದರ ಒಂದು ಅಲೆ ಸರಿಸುಮಾರು ಒಂದು ಮೈಕ್ರೊಮೀಟರ್. ಅರ್ಧ ಮೈಕ್ರೊಮೀಟರಿನ ಕಣವೊಂದು ನಡುವೆ ಸಿಕ್ಕಿಕೊಂಡರೆ ಸಂಕೇತ ಇಪ್ಪತ್ತರಲ್ಲೊಂದು ಪಾಲಿಗಿಂತ ಕಡಿಮೆಯಾಗುತ್ತದೆ. ಬೂಷ್ಟಿನ ಬೀಜಕಗಳು ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ದೊಡ್ಡವು. ಪರದೆಯ ಮೇಲೆ ಬಿಳಿ ಗೆರೆಗಳು ಓಡುವುದು, ಕೊನೆಗೆ ಚಿತ್ರವೇ ಅಳಿದು ಬರೀ ಗದ್ದಲ ಉಳಿಯುವುದು ಹೀಗೆ. ಒಂದು ಬೂಷ್ಟು ಹಿಡಿದ ಕ್ಯಾಸೆಟ್ಟು ಯಂತ್ರದ ಹೆಡ್ಡಿಗೆ ಬೀಜಕ ಮೆತ್ತಿ, ಆಮೇಲೆ ಹಾಕಿದ ಪ್ರತಿ ಕ್ಯಾಸೆಟ್ಟಿಗೂ ಅದನ್ನು ಹಂಚುತ್ತದೆ.

ಇನ್ನೊಂದು ಶತ್ರು ಕಣ್ಣಿಗೆ ಕಾಣದು. ಲೇಪವನ್ನು ಹಿಡಿದಿಟ್ಟ ಪಾಲಿಯುರೆಥೇನ್ ಅಂಟು ತೇವವನ್ನು ಹೀರಿ ಅಣುಮಟ್ಟದಲ್ಲಿ ಒಡೆಯುತ್ತದೆ. ಟೇಪು ಜಿಗುಟಾಗುತ್ತದೆ, ಉಜ್ಜಿದರೆ ಲೇಪವೇ ಕಿತ್ತುಬರುತ್ತದೆ. ಅಡಿಕೆ ಒಣಗಿಸುವ ಅಟ್ಟ ಮನೆಯಲ್ಲೇ ಒಣಗಿರುವ ಜಾಗ ಎಂಬುದು ನಿಜ. ಆದರೆ ಒಲೆಯ ಹೊಗೆಯ ಕಣ ಮತ್ತು ಬಿಸಿ ಎರಡೂ ಟೇಪಿಗೆ ಒಗ್ಗವು.

ತಟ್ಟೆ ಗಟ್ಟಿ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಸಿ.ಡಿ.ಯ ಮಾಹಿತಿ ಇರುವುದು ಹೊಳೆಯುವ ಕೆಳಮೈಯಲ್ಲಲ್ಲ, ಹೆಸರು ಅಚ್ಚಾದ ಮೇಲ್ಮೈಯ ಕೆಳಗೇ, ತೆಳು ಅಲ್ಯೂಮಿನಿಯಂ ಪದರದ ಬಳಿ. ಮೇಲಿನ ಅರಗು ಅಂಚಿನಲ್ಲಿ ಬಿಟ್ಟರೆ ತೇವ ನುಗ್ಗಿ ಲೋಹ ಸವೆಯುತ್ತದೆ. 2001ರಲ್ಲಿ ಸ್ಪೇನಿನ ವಿಜ್ಞಾನಿ ಹಾವಿಯೆರ್ ಗಾರ್ಸಿಯಾ ಗಿನಿಯಾ ಮತ್ತು ಸಂಗಡಿಗರು ಮಧ್ಯ ಅಮೆರಿಕದ ಬೆಲೀಜ್‌ನಿಂದ ಬಂದ ಸಿ.ಡಿ.ಯೊಂದರಲ್ಲಿ ಶಿಲೀಂಧ್ರವು ಅಂಚಿನಿಂದ ಒಳಗೆ ದಾರಿ ಕೊರೆದುಕೊಂಡು ಅಲ್ಯೂಮಿನಿಯಂ ಪದರವನ್ನು ಹಾಳುಮಾಡಿದ್ದನ್ನು ವರದಿ ಮಾಡಿದರು. ಬೆಲೀಜ್ ಕೂಡ ಬಿಸಿಲು, ಮಳೆ, ಕಾಡಿನ ನಾಡು.

ಹಿಗ್ಗಿಸಿದರೆ ಹುಟ್ಟದು

ಇವತ್ತು ಮೊಬೈಲಿನಲ್ಲಿ ಹಳೆಯ ಚಿತ್ರಗಳಿಗೆ ‘ಎಚ್‌ಡಿ’, ‘4ಕೆ’ ಎಂಬ ಹಣೆಪಟ್ಟಿ ಧಾರಾಳವಾಗಿ ಸಿಗುತ್ತದೆ. ಹಲವು ಬಾರಿ ಒಳಗಿರುವುದು ವಿಸಿಡಿಯ ಹಿಗ್ಗಿಸಿದ ರೂಪ. ಪಿಕ್ಸೆಲ್ಲಿನ ಸಂಖ್ಯೆ ಪಾತ್ರೆಯ ಅಳತೆಯನ್ನು ಹೇಳುತ್ತದೆಯೇ ಹೊರತು ಒಳಗೆ ಎಷ್ಟು ವಿವರ ಇದೆಯೆಂದಲ್ಲ. ಒಮ್ಮೆ ಕಳೆದ ವಿವರವನ್ನು ಯಾವ ಗಣಿತವೂ ಮರಳಿ ತರಲಾರದು. ಕೃತಕ ಬುದ್ಧಿಮತ್ತೆಯ ತಂತ್ರಾಂಶ ತರುವುದು ಬೇರೆ ಸಾವಿರಾರು ಮುಖಗಳನ್ನು ನೋಡಿ ಕಲಿತ ಊಹೆ. ಆ ಊಹೆಯ ರೆಪ್ಪೆಕೂದಲು, ಊಹೆಯ ಮುತ್ತಿನ ಸರ ಅಂದವಾಗಿರಬಹುದು. ಕ್ಯಾಮೆರಾದ ಮುಂದೆ ಇದ್ದದ್ದು ಅದಲ್ಲ.

ಮನೆಯಲ್ಲೇ ಪರೀಕ್ಷಿಸಬಹುದು. ಆಭರಣದ ಕಲ್ಲುಗಳು ಬಿಡಿಬಿಡಿಯಾಗಿ ಕಾಣುತ್ತವೆಯೇ? ಕಿಡಿ ಹಾರುವಾಗ ಚೌಕಗಳು ಮೂಡುತ್ತವೆಯೇ? ಮುಖ ಮೇಣದಂತೆ ನುಣುಪಾಗಿದ್ದರೆ ಫಿಲಂನ ಹರಳನ್ನು ಗದ್ದಲವೆಂದು ಅಳಿಸಿದ್ದಾರೆ, ಅದರ ಜೊತೆ ಚರ್ಮದ ನವುರೂ ಹೋಗಿದೆ. ಕಿರೀಟದ ತುದಿ ಕತ್ತರಿಸಿಹೋಗಿದೆಯೇ ನೋಡಿ. 1.37:1ರ ಹಳೆಯ ಚೌಕಟ್ಟನ್ನು ಅಗಲ ಟಿವಿಗೆ ತುಂಬಿಸಲು ಮೇಲೆ–ಕೆಳಗೆ ಕತ್ತರಿಸಿದರೆ ಎತ್ತರದ ಶೇಕಡಾ 23 ಹೋಗುತ್ತದೆ. ಸ್ಕೋಪ್ ಅಗಲಕ್ಕೆ ಕತ್ತರಿಸಿದರೆ ಶೇಕಡಾ 40ಕ್ಕೂ ಹೆಚ್ಚು. ಎರಡು ಬದಿಯಲ್ಲಿ ಕಪ್ಪು ಪಟ್ಟಿ ಇದ್ದರೆ ಬೇಸರಿಸಬೇಡಿ. ಇಡೀ ಚಿತ್ರವನ್ನು ತೋರಿಸುತ್ತಿದ್ದಾರೆಂಬುದಕ್ಕೆ ಅದು ಸಾಕ್ಷಿ.

ನಿಜವಾದ ದಾರಿ ನೆಗೆಟಿವ್‌ಗೆ ಹಿಂತಿರುಗುವುದು. ಅದು ಆಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಉದಾಹರಣೆ ಇದೆ. ‘ಬಭ್ರುವಾಹನ’ ಬಂದ ವರ್ಷವೇ ತಯಾರಾದ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ಮೂಲ ಕ್ಯಾಮೆರಾ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿತ್ತು. ಫಿಲಂ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು 4ಕೆಯಲ್ಲಿ ಪುನರುಜ್ಜೀವಿಸಿದವು. 2024ರ ವೆನಿಸ್ ಚಿತ್ರೋತ್ಸವದಲ್ಲಿ ಅದು ಹೊಸ ಹೊಳಪಿನಲ್ಲಿ ತೆರೆಕಂಡಿತು. ಈ ಕೆಲಸದ ಗಾತ್ರ ಸಣ್ಣದಲ್ಲ. 4ಕೆಯಲ್ಲಿ ಒಂದು ಚೌಕಟ್ಟಿನ ಸ್ಕ್ಯಾನ್ ಸುಮಾರು 50 ಮೆಗಾಬೈಟ್. ಎರಡೂವರೆ ಗಂಟೆಗೆ ಸುಮಾರು 11 ಟೆರಾಬೈಟ್. ಆಮೇಲೆ ಗೀರು, ಕಲೆ, ನಡುಕ, ಮಾಸಿದ ಬಣ್ಣ ಒಂದೊಂದನ್ನೂ ತಿದ್ದಬೇಕು. ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲೂ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲೂ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು, ಜನ ನೋಡಿದರು. ಹಳೆಯ ಚಿತ್ರಕ್ಕೆ ಖರ್ಚು ಮಾಡಿದರೆ ಪ್ರೇಕ್ಷಕ ಬರುತ್ತಾನೆ ಎಂದು ಅದು ತೋರಿಸಿತು. ನಮ್ಮ ಪೌರಾಣಿಕ, ಅದ್ಭುತರಮ್ಯ ಚಿತ್ರಗಳಿಗೆ ಬೇಕಿರುವುದು ಹೊಸ ಬಣ್ಣಕ್ಕಿಂತ ಅವುಗಳ ಸ್ವಂತ ಬಣ್ಣ. ಆದರೆ ಅವುಗಳ ನೆಗೆಟಿವ್ ಇರುವ ಅಸಿಟೇಟ್ ಫಿಲಂ ಸೆಕೆ–ತೇವಕ್ಕೆ ಸಿಕ್ಕರೆ ವಿನೆಗರ್ ವಾಸನೆ ಬಿಡುತ್ತ ಕುಗ್ಗಿ ಸುರುಟುತ್ತದೆ, ಹುಟ್ಟಿದ ಆಮ್ಲವೇ ಕೊಳೆಯುವಿಕೆಯನ್ನು ಇನ್ನಷ್ಟು ಜೋರು ಮಾಡುತ್ತದೆ. ಕಾಯುವುದಕ್ಕೆ ಅಲ್ಲಿ ಅವಕಾಶವಿಲ್ಲ.

ಯಾವುದು ಪ್ರತಿ, ಯಾವುದು ಮೂಲ

ಈಗ ಮೆತ್ತಿನ ಮೇಲಿನ ಪೆಟ್ಟಿಗೆಯನ್ನು ತೆರೆಯೋಣ. ಈ ಮೂರು ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಅಂಥದೊಂದು ಪೆಟ್ಟಿಗೆ ಇದೆ. ಅದರಲ್ಲಿ ಸಿನಿಮಾದ ಕ್ಯಾಸೆಟ್ಟಿನ ಪಕ್ಕದಲ್ಲೇ ಇನ್ನೊಂದು ಕ್ಯಾಸೆಟ್ಟು ಇರಬಹುದು: ಮನೆಯಂಗಳದಲ್ಲೋ ದೇವಸ್ಥಾನದ ಎದುರಿಗೋ ನಡೆದ ಆಟದ್ದು. ಎರಡೂ ಒಂದೇ ಕಪ್ಪು ಪ್ಲಾಸ್ಟಿಕ್ಕು, ಎರಡರ ಮೇಲೂ ಒಂದೇ ಬೂಷ್ಟು, ಎರಡರ ಕಥೆಯೂ ಬಭ್ರುವಾಹನನದೇ ಇರಬಹುದು. ವಿಜ್ಞಾನದ ಕಣ್ಣಿಗೆ ಮಾತ್ರ ಅವು ಒಂದಲ್ಲ. ಸಿನಿಮಾದ ಕ್ಯಾಸೆಟ್ಟು ಹಲವು ತಲೆಮಾರು ಇಳಿದ ಪ್ರತಿ. ಅದು ಹಾಳಾದರೆ ಸಿನಿಮಾ ಹಾಳಾಗುವುದಿಲ್ಲ. ಆಟದ ಕ್ಯಾಸೆಟ್ಟೇ ಮೂಲ. ಅದಕ್ಕೆ ಪುಣೆಯಲ್ಲಿ ನೆಗೆಟಿವ್ ಇಲ್ಲ. ಆ ರಾತ್ರಿಯ ಪದ, ಆ ರಾತ್ರಿಯ ಅರ್ಥ, ಆ ರಾತ್ರಿಯ ಕುಣಿತ ಉಳಿದಿರುವುದು ಆ 12.7 ಮಿಲಿಮೀಟರ್ ಪಟ್ಟಿಯಲ್ಲಿ ಮಾತ್ರ. ಶಿರಸಿ ಸೀಮೆಯ ಯಕ್ಷಗಾನದ ಹಿರಿಯರಾದ ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ, ಹೊಸ್ತೋಟ ಮಂಜುನಾಥ ಭಾಗವತರು 2020ರಲ್ಲಿ ತೀರಿಕೊಂಡರು. ಅಂಥವರ ಕಲೆಯ ಒಂದೊಂದು ಖಾಸಗಿ ದಾಖಲೆಯೂ ಈಗ ಮತ್ತೆ ತೆಗೆಯಲಾಗದ ದಾಖಲೆ.

ಹಾಗಾಗಿ ಉಳಿಸುವ ಕೆಲಸ ಅಲ್ಲಿಂದ ಶುರುವಾಗಲಿ. ಬೂಷ್ಟು ಕಂಡ ಕ್ಯಾಸೆಟ್ಟನ್ನು ‘ಓಡುತ್ತದೋ ನೋಡೋಣ’ ಎಂದು ಯಂತ್ರಕ್ಕೆ ಹಾಕಬೇಡಿ. ಬೇರೆ ಚೀಲದಲ್ಲಿಟ್ಟು, ಟೇಪು ಶುಚಿ ಮಾಡಬಲ್ಲವರಿಗೆ ಕೊಡಿ. ಉಳಿದವನ್ನು ಫೆಬ್ರವರಿ–ಮಾರ್ಚಿನ ಒಣ ಹವೆಯಲ್ಲಿ, ಬಿಸಿಲು ನೇರ ಬೀಳದಂತೆ, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಲಂಬವಾಗಿ ನಿಲ್ಲಿಸಿಡಿ. ಆಗಸ್ಟಿನಲ್ಲಿ ಮುಚ್ಚಿದ ಡಬ್ಬಿ ಆಗಸ್ಟಿನ ತೇವವನ್ನೇ ಒಳಗೆ ಕೂಡಿಹಾಕುತ್ತದೆ. ಡಿಜಿಟಲ್ ಮಾಡಿಸುವಾಗ, ಚೌಕಟ್ಟಿಗೆ ಎರಡರಂತೆ ಸೆಕೆಂಡಿಗೆ 50 ಅರೆಚಿತ್ರಗಳನ್ನೂ ಉಳಿಸಲು ಹೇಳಿ. ಅರ್ಧ ಬಿಟ್ಟರೆ ಕುಣಿತದ ಅರ್ಧ ಚಲನೆ ಹೋಗುತ್ತದೆ. ಮೊದಲ ಕಡತವನ್ನು ಹೆಚ್ಚು ಹಿಂಡದೆ ಇಡಿ, ಮೂರು ಪ್ರತಿ ಮಾಡಿ, ಒಂದನ್ನು ಘಟ್ಟದ ಆಚೆಗಿನ ನೆಂಟರ ಮನೆಯಲ್ಲಿಡಿ. ಲೋಕದಲ್ಲಿ ಕೊನೆಯವರೆಗೂ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಟೇಪು ಇದ್ದರೂ ಓದುವ ಯಂತ್ರ ಇಲ್ಲದ ದಿನ ದೂರವಿಲ್ಲ.

ಸಿನಿಮಾದ ಬಭ್ರುವಾಹನನಿಗಾಗಿ ನಾವು ನಿರ್ಮಾಪಕರನ್ನು, ಸಂಗ್ರಹಾಲಯವನ್ನು, ಸರ್ಕಾರವನ್ನು ಒತ್ತಾಯಿಸಬೇಕು. ಒಳ್ಳೆಯ ಸ್ಕ್ಯಾನ್ ಬಂದಾಗ ದುಡ್ಡು ಕೊಟ್ಟು ನೋಡಬೇಕು. ಅಂಗಳದ ಬಭ್ರುವಾಹನನಿಗೆ ಯಾರನ್ನೂ ಕೇಳಬೇಕಾಗಿಲ್ಲ. ಅವನ ನೆಗೆಟಿವ್ ನಮ್ಮ ಮನೆಯಲ್ಲೇ ಇದೆ, ಮುಂದಿನ ಮಳೆಗಾಲಕ್ಕೆ ಮೊದಲು ಮಾಡಬೇಕಾದ ಕೆಲಸವೂ ನಮ್ಮದೇ.